ಹೋಡಿ ಎಂಬ ಮಾತು

ಹೊಳೆಆಲೂರು,
ಕಾಳಯುಕ್ತಿ ಸಂವತ್ಸರ, ಶ್ರಾವಣ ಶುದ್ಧ ತದಿಗೆ
(ಇಂಗ್ರೇಜಿ ಸನ್ ೧೮೫೮, ಆಗಸ್ಟ್)

ಎರಡು ಭಾಷೆಯ ಸರಕಾರಿ ಶಾಲೆಗಳನ್ನು ಸುಧಾರಿಸುವ ಸಲುವಾಗಿ ಕೂಡಿದ ಮಹಾಸಭೆಯ ಘನ ಅಧ್ಯಕ್ಷರಿಗೆ, ಮುಂದಿನ ಸಾಲಿನ ವಿದ್ವಾಂಸರಿಗೆ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಅಧಿಕಾರಿಗಳಿಗೆ, ಮತ್ತು ಇಷ್ಟೂ ಜನರ ಪಾತ್ರವನ್ನು ಒಬ್ಬಳೇ ವಹಿಸಬೇಕಾಗಿರುವ ಸೌಭಾಗ್ಯವತಿ ಶೇಖವ್ವಳಿಗೆ, ಹೊಳೆಆಲೂರು ಶಾಲೆಯ ಮಾಸ್ತರ ಮಲ್ಲೇಶಪ್ಪನು ಕೈಮುಗಿದು ಮಾಡುವ ಅರಿಕೆ.

ನನಗೆ ಗೊತ್ತಿರುವ ಸಭೆ ಇದೊಂದೇ. ನೀನು ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂಡುತ್ತಿದ್ದೆ. ನಾನು ಕಂಬಕ್ಕೆ ಬೆನ್ನು ಕೊಟ್ಟು ಭಾಷಣ ಬಿಗಿಯುತ್ತಿದ್ದೆ. “ಸಭಾ ಮುಗೀತೇನ್ರಿ? ರೊಟ್ಟಿ ಆರಾಕತ್ತಾವು” ಎಂದು ಅಧ್ಯಕ್ಷರ ಅಪ್ಪಣೆಯಾದರೆ ವಿದ್ವಾಂಸರೆಲ್ಲ ಎದ್ದು ಕೈ ತೊಳೆಯಬೇಕು. ನೀನು ತವರಿಗೆಂದು ಸೂಡಿಗೆ ಹೋಗಿ ಎರಡು ತಿಂಗಳಾಗುತ್ತ ಬಂತು. ಹೆಂಡತಿಗೆ ಬರೆಯಲು ಕೂತರೆ ಕೈ ಏಳಲಿಲ್ಲ. ಸಭೆಗಾದರೆ ಎದ್ದೀತೆಂದು ಹೀಗೆ ಶುರು ಮಾಡಿದ್ದೇನೆ.

ನಿನ್ನ ತಮ್ಮ ಅಂದಾನೆಪ್ಪನನ್ನು ಬರುವ ಸೋಮವಾರ ರೋಣದಲ್ಲಿ ಗಲ್ಲಿಗೆ ಹಾಕುವ ತೀರ್ಪಾಗಿರುವುದು ನಿನಗೆ ತಿಳಿದಿದೆ. ದೋಣಿ ನಡೆಸುವ ಗೌಸುಸಾಬನ ಕೈಲಿ ನೀನು ಹೇಳಿಕಳಿಸಿದ ಪ್ರಶ್ನೆ ನನಗೂ ಮುಟ್ಟಿದೆ. “ಹೊಳಿದಂಡ್ಯಾಗ ಎಲ್ಲಾರೂ ಕೇಳ್ಯಾರ, ಎಲ್ಲಾರೂ ಹೊಡದಾರ. ನನ್ನ ತಮ್ಮನ ಕೊಳ್ಳಿಗಷ್ಟ ಯಾಕ ಹಗ್ಗ?” ಇದಕ್ಕೆ ಉತ್ತರ ಈ ಭಾಷಣದಲ್ಲಿ ಬರುತ್ತದೆ. ಅಲ್ಲಿಯ ತನಕ ಸಭಿಕರು ಎದ್ದು ಹೋಗಬಾರದಾಗಿ ವಿನಂತಿ.

ಈಗ ಶಾಲೆಯ ಸ್ಥಿತಿ. ನಮ್ಮ ಮಕ್ಕಳ ಮಾತು ಕನ್ನಡ, ಪುಸ್ತಕ ಮರಾಠಿ. ಸರಕಾರದ ಹುಕುಂ ಇಂಗ್ಲೀಷಿನಲ್ಲಿ ಹುಟ್ಟುತ್ತದೆ, ಮರಾಠಿಯಲ್ಲಿ ಬೆಳೆಯುತ್ತದೆ, ಕನ್ನಡದವರ ಬೆನ್ನ ಮೇಲೆ ಬಂದು ಕೂಡುತ್ತದೆ. ನನಗಿಂತ ಮೊದಲಿದ್ದ ಮಾಸ್ತರರು ಮರಾಠಿ ಬಾರದ ಹುಡುಗರನ್ನು ಮುಂಗೈ ಕಟ್ಟಿ ಜಂತಿಗೆ ತೂಗಬಿಡುತ್ತಿದ್ದರು. ಕೆಳಗೆ ಜಾಲಿಮುಳ್ಳು. ಹಗ್ಗ ಸಡಿಲಿ ಬಿದ್ದವನ ಅಂಗಾಲಿನಿಂದ ರಕ್ತ ಹರಿದರೆ, ವಿದ್ಯೆ ಒಳಗೆ ಹೋಗಲು ದಾರಿಯಾಯಿತೆಂದು ನಗುತ್ತಿದ್ದರಂತೆ. ಮೊದಲ ವರ್ಷ ನಾನೂ ಛಡಿ ಬೀಸಿದೆ. ಬೆನ್ನ ಮೇಲೆ ಬಾಸುಂಡೆ ಏಳುವಷ್ಟು ಬೀಸಿದರೂ ಅವರಿಗೆ ಬಂದ ಮರಾಠಿ ಮಾತು ಒಂದೇ: ಮಾರ, ಅಂದರೆ ಪೆಟ್ಟು. ಅದನ್ನೂ ತಪ್ಪು ತಿಳಿದು, “ಏನ್ ಮಾರಬೇಕ್ರಿ ಮಾಸ್ತರ? ಮನ್ಯಾಗ ಒಂದ ಎಮ್ಮಿ ಐತಿ” ಎಂದು ಅಳುತ್ತಲೇ ಕೇಳಿದ ಪುಣ್ಯಾತ್ಮರಿದ್ದರು.

ಪ್ರಾಸ ಸಿಕ್ಕರೆ ಉಣ್ಣುವುದನ್ನೂ ಬಿಡುವವನು ನಾನೆಂದು ಅಧ್ಯಕ್ಷರು ಬಲ್ಲರು. ಛಡಿಯನ್ನು ಮೂಲೆಗಿಟ್ಟು ಪದ್ಯ ಕಟ್ಟಿದೆ. ಮೊದಲ ಮಾತು ಮರಾಠಿ, ಅದರ ಅರ್ಥ ಕನ್ನಡ:

ಪೀಠ ಅಂದರ ಹಿಟ್ಟು, ಮಾರ ಅಂದರ ಪೆಟ್ಟು,
ಕೇಳಿ ಅಂದರ ಬಾಳಿಹಣ್ಣು, ಮಾತಿ ಅಂದರ ಎರಿಮಣ್ಣು,
ಕಾಲ ಅಂದರ ನಿನ್ನಿ, ಲೋಣಿ ಅಂದರ ಬೆಣ್ಣಿ.

ಮಕ್ಕಳು ಇದನ್ನು ದನದ ಹಿಂದೆ ಹಾಡಿದರು, ಬಾವಿಗೆ ಧುಮುಕುತ್ತ ಹಾಡಿದರು. ಮುಂಗಾರು ಬರುವುದರೊಳಗೆ ಹುಡುಗರು ಮರಾಠಿ ಪುಸ್ತಕವನ್ನು ಓದಿ ಕನ್ನಡದಲ್ಲಿ ಅದರ ಕಥೆ ಹೇಳತೊಡಗಿದರು. ಇದರಿಂದ ನಾನು ಕಂಡುಕೊಂಡದ್ದು ಇಷ್ಟು: ಏನೇನೂ ಗೊತ್ತಿಲ್ಲದ ಮಾತಿಗೆ ಮಗು ಅರ್ಥ ಕೇಳುತ್ತದೆ, ಗೊತ್ತಿದೆ ಅನ್ನಿಸುವ ಮಾತಿಗೆ ಯಾರೂ ಕೇಳುವುದಿಲ್ಲ. ಜೀವ ಹೋಗುವುದು ಇಂಥ ಮಾತಿನಿಂದಲೇ.

ಉದಾಹರಣೆಗೆ ದಿವಂಗತ ದೇವಪ್ಪನವರು, ಅಂದರೆ ನಿನ್ನ ಅಪ್ಪ. ಅಧ್ಯಕ್ಷರು ಕ್ಷಮಿಸಬೇಕು, ಈ ಉದಾಹರಣೆಯನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ.

ನರಗುಂದದ ಬಂಡಾಯದ ಗದ್ದಲ ಮುಗಿದ ಮೇಲೆ ಸಿಪಾಯಿಗಳು ಊರೂರು ತಿರುಗಿ ಶಸ್ತ್ರ ಕಸಿದುಕೊಳ್ಳುತ್ತಿದ್ದರು. ಸೂಡಿಗೂ ಬಂದರು. ಹವಾಲ್ದಾರ ಮರಾಠಿಯವನು. “ಹತ್ಯಾರ ಬಾಹೇರ ಕಾಢಾ”, ಅಂದರೆ ಹತ್ಯಾರ ಹೊರಗೆ ತೆಗೆಯಿರಿ, ಎಂದು ನಿಮ್ಮ ಕಟ್ಟೆಯ ಮುಂದೆ ಗದರಿದ. ಅವನ ಹತ್ಯಾರ ಅಂದರೆ ಕತ್ತಿ, ಬಂದೂಕು. ನಮ್ಮ ಮಂದಿಯ ಹತ್ಯಾರ ಅಂದರೆ ಬಡಿಗನ ಚೀಲದಲ್ಲಿ, ರೈತನ ಮೂಲೆಯಲ್ಲಿ ಇರುವ ಸಾಮಾನು. ಮಾವನವರು ಸರಕಾರಕ್ಕೆ ಏನೋ ಅಡಚಣೆ ಬಂದಿದೆಯೆಂದು ತಿಳಿದು, ಕುಡುಗೋಲು, ಕುರ್ಚಿಗಿ, ಉಳಿ, ಬಾಚಿ ಎಲ್ಲ ತಂದು ಸಾಲಾಗಿ ಇಟ್ಟರು. “ಕೂರಿಗಿನೂ ಬೇಕೇನ್ರಿ? ಅದಕ್ಕ ಇಬ್ಬರು ಕೈ ಹಚ್ಚಬೇಕು” ಎಂದೂ ಕೇಳಿದರು.

ಸಿಪಾಯಿಗಳ ಜೊತೆಗೆ ಸರಕಾರಿ ದುಭಾಷಿ ಗೋಣೆಪ್ಪ ಇದ್ದ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿ ಹೇಳಲೆಂದೇ ಅವನಿಗೆ ಪಗಾರ. ಸೂಡಿಯವನೇ, ನಿಮ್ಮ ಹೊಲದ ಬದುವಿಗಾಗಿ ನಿಮ್ಮಪ್ಪನ ಸಂಗಡ ಜಗಳಾಡಿದವನು. ಎಲೆ ಜಗಿಯುತ್ತಿದ್ದವನು ಉಗುಳಿ, ಹವಾಲ್ದಾರನಿಗೆ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ಮುದುಕ ಚೇಷ್ಟೆ ಮಾಡುತ್ತಿದ್ದಾನೆ. ಬಂದೂಕಿನ ಹಿಡಿ ಬಂದು ಮಾವನವರ ಬಾಯಿಗೆ ಬಿತ್ತು. ಹಲ್ಲು ಕೈಯಲ್ಲಿ ಹಿಡಿದುಕೊಂಡು, ಕೊಟ್ಟದ್ದು ಕಡಿಮೆಯಾಯಿತೇನೋ ಎಂದು ಅವರು ಮತ್ತೆ ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಕೊಡಲಿ ಇತ್ತು.

ಮುಂದಿನದನ್ನು ನೀನು ಕಣ್ಣಾರೆ ಕಂಡಿದ್ದೀ. ಅಂಗಳದ ಸಗಣಿಯ ಸಾರಣೆ ಕೆಂಪಾದದ್ದು, ತಲೆಬುರುಡೆಯ ಸದ್ದು ನಿಂತ ಮೇಲೂ ಅವರು ಹೊಡೆಯುತ್ತಲೇ ಇದ್ದದ್ದು. ನಾನು ಬಂದದ್ದು ಮಣ್ಣು ಮಾಡಿದ ಮೇಲೆ. ಶಾಲೆಯ ತಪಾಸಣೆಯ ಹುಕುಂ ಬಂದಿತ್ತೆಂದು ತಡ ಮಾಡಿದೆ. ಆಗ ನೀನು ಅಳದೆ ಹೇಳಿದೆ: “ನಿಮಗ ಎರಡೂ ಭಾಷಾ ಬರ್ತಾವು. ಅವತ್ತ ನೀವು ಅಂಗಳದಾಗ ಇದ್ದಿದ್ರ ಅಪ್ಪ ಉಳೀತಿದ್ದ. ಒಂದ ಮಾತಿನ ಕೆಲಸ ಇತ್ತು. ಹೋಗ್ರಿ, ಸಾಲೀನ ಕಟಗೊಂಡು ಬಾಳೇ ಮಾಡ್ರಿ.” ನಾನು ಹೋದೆ. ಗಜೇಂದ್ರಗಡದ ನಮ್ಮ ಅಕ್ಕ ನಡುವೆ ಬಂದು ರಾಜಿ ಮಾಡಿಸುತ್ತೇನೆಂದಳು. ನೀನು ಬಾಗಿಲು ತೆರೆಯಲಿಲ್ಲವಂತೆ.

ಇನ್ನು ಹೊಳೆಯ ಸಂಗತಿ.

ಆಷಾಢದ ಹುಣ್ಣಿಮೆಯ ಸುಮಾರಿಗೆ ಬದಾಮಿಯ ಕಡೆಯಿಂದ ಒಬ್ಬ ಕಾರಕೂನರು ನಮ್ಮ ಶಾಲೆಯ ತಪಾಸಣೆಗೆ ಬರುವವರಿದ್ದರು. ಮಕ್ಕಳಿಗೆ ಮರಾಠಿ ಬಂದರೆ ಶಾಲೆ, ಬಾರದಿದ್ದರೆ ಬೀಗ. ಅದೇ ಮುಂಜಾನೆ ಅಂದಾನೆಪ್ಪ ಸೂಡಿಯಿಂದ ನನ್ನನ್ನು ಕರೆಯಲು ಬಂದ. “ಮಾವಾ, ಅಕ್ಕ ಕರಿಯಂಗಿಲ್ಲ, ನೀವು ಬರಂಗಿಲ್ಲ. ನಿಮ್ಮಿಬ್ಬರ ನಡುವ ನಾನ ದುಭಾಷಿ ಆಗೇನಿ. ಪಗಾರಾ ಯಾರ ಕೊಡ್ತೀರಿ ಮದಲ ಹೇಳ್ರಿ” ಎಂದು ನಕ್ಕ. ಅಪ್ಪ ಸತ್ತ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಲಪ್ರಭೆ ರಾಡಿ ಹೊತ್ತುಕೊಂಡು ದಂಡೆ ಮುಟ್ಟಿತ್ತು. ಮಳೆ ಹಿಡಿದಿತ್ತು. ಗೌಸುಸಾಬನ ದೋಣಿ ಮೊದಲ ಸಲಕ್ಕೆ ಕಾರಕೂನರ ಗಂಟುಗಳನ್ನು ಈಚೆ ತಂದಿತು. ಕಾರಕೂನರು ಆಚೆ ದಂಡೆಯಲ್ಲಿ ತೊಯ್ಯುತ್ತ ನಿಂತಿದ್ದರು. ಗಂಟುಗಳ ಮೇಲೆ ಕೂತು ಬಂದವನು ಗೋಣೆಪ್ಪ. ಕಾರಕೂನರಿಗೂ ಅವನೇ ದುಭಾಷಿ. ಇಲ್ಲಿಂದ ಮುಂದೆ ನಾನು ಕೇಳಿದ್ದನ್ನು ಬರೆಯುತ್ತೇನೆ. ಆ ಹೊತ್ತಿಗೆ ನಾನು ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸುತ್ತಿದ್ದೆ.

ಅಂದಾನೆಪ್ಪ ದಂಡೆಯಿಂದ ಇಳಿದು ಅವನ ಕೊರಳಪಟ್ಟಿ ಹಿಡಿದು ನೀರಿಗೆ ಎಳೆದ. “ನಮ್ಮಪ್ಪ ಚ್ಯಾಷ್ಟಿ ಮಾಡಿದ್ನೇನಲೇ? ಅವನ ಮಗಾ ನಾನು. ನನಗೂ ಬರ್ತೈತಿ ಚ್ಯಾಷ್ಟಿ.” ದೋಣಿಗಾಗಿ ಕಾದಿದ್ದ ರೈತರು ಸುತ್ತ ಕೂಡಿದರು. ಸೂಡಿಯ ಸುದ್ದಿ ಎಲ್ಲರಿಗೂ ಗೊತ್ತಿತ್ತು; ಎಲ್ಲರ ಮನೆಯಲ್ಲೂ ಸಿಪಾಯಿಗಳು ಒಂದೊಂದು ಗಾಯ ಬಿಟ್ಟು ಹೋಗಿದ್ದರು. ಆದರೂ ಇಬ್ಬರು ಅಂದಾನೆಪ್ಪನ ತೋಳು ಹಿಡಿದರು. “ಬಿಡೋ ತಮ್ಮಾ, ಅಂವ ಸರಕಾರದ ಮನಷ್ಯಾ. ಅವನ್ನ ಮುಟ್ಟಿದ್ರ ಊರ ಸುಡ್ತಾರ.” ಗೋಣೆಪ್ಪನಿಗೆ ಅಷ್ಟರಿಂದಲೇ ಜೀವ ಬಂತು. “ಹೌದ್ರಲೇ, ಸರಕಾರದಾಂವ ನಾನು! ಆಚಿ ದಂಡ್ಯಾಗ ರಾವಸಾಹೇಬ್ರು ನಿಂತಾರ. ನನ್ನ ಏನ್ ಮಾಡಬೇಕಂತ ಅವ್ರನ್ನ ಕೇಳ್ರಿ!”

ಎಲ್ಲರೂ ಆಚೆ ದಂಡೆಗೆ ಮುಖ ಮಾಡಿದರು. ಕಾರಕೂನರಿಗೆ ಈ ಜಗಳದ ಗಂಧವೂ ಇರಲಿಲ್ಲ. ದೋಣಿ ಮರಳ ಬರಲಿಲ್ಲವೆಂದು ಸಿಟ್ಟಾಗಿದ್ದರು. ಮರಾಠಿಯಲ್ಲಿ ಹೋಡೀ ಅಂದರೆ ದೋಣಿ, ಆಣಾ ಅಂದರೆ ತನ್ನಿರಿ. ಅವರು ಕೈಯೆತ್ತಿ ಕೂಗಿದರು:

“ಹೋಡೀ! ಹೋಡೀ ಆಣಾ!”

ಗಾಳಿಯಲ್ಲಿ ದೀರ್ಘ ಹಾರಿಹೋಗಿ ಹ್ರಸ್ವ ಉಳಿಯಿತು. ಈಚೆ ದಂಡೆಗೆ ಮುಟ್ಟಿದ್ದು: “ಹೊಡಿ! ಹೊಡಿ, ಆಣಿ!” ಹೊಡೆ ಎಂಬ ಹುಕುಂ, ಮೇಲೆ ಆಣೆ ಬೇರೆ.

ತೋಳು ಹಿಡಿದು ತಡೆದಿದ್ದವರೇ ಮೊದಲ ಪೆಟ್ಟು ಹಾಕಿದರು. ಬಾರುಕೋಲು, ಚಪ್ಪಲಿ, ಹೊಳೆಯ ಕಲ್ಲು. ಗೋಣೆಪ್ಪ ನೀರು ನುಂಗುತ್ತ, “ದೋಣಿ ಅನ್ನಾಕತ್ತಾರ್ರೋ! ಹೋಡಿ ಅಂದ್ರ ದೋಣಿ!” ಎಂದು ಅರಚಿದ. ಸೂಡಿಯ ಅಂಗಳದಲ್ಲಿ ಆಡಬೇಕಾಗಿದ್ದ ಖರೇ ಮಾತನ್ನು ಅವನು ಇಲ್ಲಿ ಆಡಿದ, ಯಾರೂ ನಂಬಲಿಲ್ಲ. “ಸಾಯೂ ಮುಂದೂ ಸುಳ್ಳ ಹೇಳ್ತಾನ ನೋಡು, ಹಲಕಟ್ಟ” ಎಂದು ಒಬ್ಬ ಅವನ ಬಾಯಿಗೇ ಕಲ್ಲು ಕುಟ್ಟಿದ. ಆಚೆ ಕಾರಕೂನರು ಗದ್ದಲ ಕಂಡು, ದೋಣಿಗಾಗಿಯೇ ಓಡಾಟ ನಡೆದಿದೆಯೆಂದು ತಿಳಿದು, ಇನ್ನೂ ಜೋರಾಗಿ ಕೂಗಿದರು. ಒಂದು ಕೂಗಿಗೆ ಒಂದು ಪೆಟ್ಟು. ಕೊನೆಗೆ ಅಂದಾನೆಪ್ಪ ದೋಣಿಯ ಗಳ ಎತ್ತಿ ನಡುನೆತ್ತಿಗೆ ಇಳಿಸಿದ. ಗಳವೂ ಮುರಿಯಿತು. ಗೋಣೆಪ್ಪನ ಕೈಯೊಂದು ನೀರಿನ ಮೇಲೆ ಬಂದು ಏನನ್ನೋ ಹಿಡಿಯಲು ನೋಡಿ, ರಾಡಿಯಲ್ಲಿ ಇಳಿದುಹೋಯಿತು. ಹೆಣ ಕೆಳಗಿನ ಜಾಲಿ ಕಂಟಿಯಲ್ಲಿ ಸಿಕ್ಕಿತು. ಮೀನು ಅಷ್ಟರಲ್ಲಿ ಕಣ್ಣಿಗೆ ಬಾಯಿ ಹಾಕಿದ್ದವು.

ರೋಣದ ಕಚೇರಿಯಲ್ಲಿ ಇಂಗ್ರೇಜಿ ಸಾಹೇಬರು ಕೂತರು. ಗದ್ದಲದ ವರ್ಷ, ನ್ಯಾಯವೂ ಲಗೂ ಲಗೂ. ಅವರಿಗೆ ಮರಾಠಿ ಬರುತ್ತದೆ, ಕನ್ನಡ ಬಾರದು; ಆರೋಪಿಗಳ ಕನ್ನಡವನ್ನು ಮರಾಠಿ ಮಾಡಲು ದುಭಾಷಿ ಬೇಕಾಯಿತು. ಇದ್ದ ದುಭಾಷಿ ಸತ್ತದ್ದಕ್ಕೇ ಈ ವಿಚಾರಣೆ. ಆದ್ದರಿಂದ ನನ್ನನ್ನು ಕರೆದರು.

ಹೋಡಿ, ಹೊಡಿ ಎರಡನ್ನೂ ನಾನು ಬಿಡಿಸಿ ಹೇಳಿದೆ. ಸಾಹೇಬರಿಗೆ ಬಹಳ ಮೋಜೆನ್ನಿಸಿತು. ಎರಡು ಸಲ ಅನ್ನಿಸಿ ಕೇಳಿ ನಕ್ಕರು. ಸರಕಾರದ ಹುಕುಂ ಎಂದು ತಪ್ಪು ತಿಳಿದು ಹೊಡೆದವರಿಗೆ ಛಡಿ ಏಟು ಸಾಕೆಂದರು. ಪೇಟೆಯ ನಡುವೆ, ಹತ್ತಿಯ ಗಾಡಿಗಳ ಚಕ್ರಕ್ಕೆ ಕಟ್ಟಿ ಹೊಡೆದರು. ಎಣಿಸುವ ಕೆಲಸವೂ ದುಭಾಷಿಯದೇ. ಏಕ, ಒಂದು; ದೋನ, ಎರಡು. ಬೆನ್ನಿನ ತೊಗಲು ಬಿಚ್ಚಿ ಜೋತಾಡುವ ಹೊತ್ತಿಗೆ ನನ್ನ ಎರಡೂ ಭಾಷೆಯ ಲೆಕ್ಕ ತಪ್ಪಿತು. ಹೊಡೆಯುವವನು ಮೊದಲಿನಿಂದ ಶುರು ಮಾಡಲೇ ಎಂದು ಕೇಳಿದ.

ನಿನ್ನ ತಮ್ಮನ ಸರದಿ ಬಂದಾಗ ಸಾಹೇಬರು ನಗಲಿಲ್ಲ. ಗೌಸುಸಾಬ ಸಾಕ್ಷಿ ಹೇಳುವಾಗ ಕಂಡದ್ದನ್ನು ಕಂಡಂತೆ ಹೇಳಿದ್ದ: ಕೂಗು ಕೇಳಿದ ಕೂಡಲೇ ಉಳಿದವರು ಹೊಡೆದರು, ಅಂದಾನೆಪ್ಪ ಮಾತ್ರ ಕೈ ತಡೆದ, ಹಿಂದಕ್ಕೆ ತಿರುಗಿ ದಂಡೆಯ ಮೇಲೆ ನೋಡಿದ, ಆಮೇಲೆ ಗಳ ಎತ್ತಿದ. ಮಳೆಯಲ್ಲಿ ಮೇಲೆ ಯಾರಿದ್ದರೆಂಬುದು ಗೌಸುಸಾಬನಿಗೆ ಕಾಣಲಿಲ್ಲ. ಸಾಹೇಬರು ಕೇಳಿದರು: ಉಳಿದವರು ತಪ್ಪು ತಿಳಿದರು, ನೀನು ತಡೆದು, ವಿಚಾರ ಮಾಡಿ ಕೊಂದೆ. ಯಾಕೆ ತಡೆದೆ? ಯಾರನ್ನು ನೋಡಿದೆ? ಆ ಪ್ರಶ್ನೆಯನ್ನು ನಾನೇ ಕನ್ನಡದಲ್ಲಿ ಅವನಿಗೆ ಕೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತ ಅಂದ: “ಯಾರನ್ನೂ ನೋಡಿಲ್ರಿ. ನಮ್ಮಪ್ಪನ್ನ ನೆನಿಸಿಕೊಂಡೆ, ಹೊಡದೆ.” ಅದನ್ನು ನಾನು ಒಂದಕ್ಷರ ತಪ್ಪದಂತೆ ಮರಾಠಿಗೆ ತಿರುಗಿಸಿದೆ. ಆ ಮಾತಿಗೇ ಹಗ್ಗವಾಯಿತು. ಇನ್ನೊಬ್ಬರು ಹುಕುಂ ಎಂದು ಹೇಳಿದ್ದರಿಂದ ಹೊಡೆದೆ ಎಂದಿದ್ದರೆ, ಅವನೂ ಇಂದು ಬೆನ್ನಿಗೆ ಬೆಣ್ಣೆ ಹಚ್ಚಿಕೊಂಡು ನಿಮ್ಮ ಕಟ್ಟೆಯ ಮೇಲೆ ಬೋರಲು ಮಲಗಿರುತ್ತಿದ್ದ. ಅಧ್ಯಕ್ಷರ ಪ್ರಶ್ನೆಗೆ ಇದು ಉತ್ತರ.

ತಪಾಸಣೆಯೂ ನಡೆಯಿತು. ಮಕ್ಕಳ ಪದ್ಯ ಕೇಳಿ ಕಾರಕೂನರು ಮೆಚ್ಚಿ, ಶಾಲೆ ಉಳಿಯಲಿ ಎಂದು ಬರೆದರು. ನನ್ನಂಥ ಎರಡು ಭಾಷೆಯ ಮನುಷ್ಯ ಶಾಲೆಯಲ್ಲಿ ಕೊಳೆಯಬಾರದೆಂದು, ಗೋಣೆಪ್ಪನ ಕೆಲಸವನ್ನು ನನಗೆ ಕೊಡಿಸಿದರು. ಕಚೇರಿಗೆ ಹೋಗುವಾಗ ಹೊದೆಯಲು ಶಾಲೂ ಸಿಗುತ್ತದಂತೆ.

ಆದ್ದರಿಂದ ಸಭಿಕರೇ, ಸುಧಾರಣೆಯ ಬಗ್ಗೆ ನನ್ನ ಸೂಚನೆ ಇದು. ಊರಿಗೊಬ್ಬ ಜಾಣನನ್ನು ಆರಿಸಿ ಅವನಿಗಷ್ಟೇ ಎರಡು ಭಾಷೆ ಕಲಿಸುವ ಪದ್ಧತಿಯನ್ನು ಸರಕಾರ ಬಿಡಬೇಕು. ಕುರಿ ಕಾಯುವವನಿಗೆ, ದೋಣಿ ನಡೆಸುವವನಿಗೆ, ಹೆಣ್ಣುಮಕ್ಕಳಿಗೆ, ಎಲ್ಲರಿಗೂ ಮೊದಲು ತಮ್ಮ ಭಾಷೆಯ ಅಕ್ಷರ, ಅದರ ಮಗ್ಗುಲಿಗೆ ಹುಕುಂ ಬರುವ ಭಾಷೆ ಕಲಿಸಬೇಕು. ಎರಡು ಭಾಷೆ ಒಬ್ಬನ ಬಾಯಲ್ಲಿ ಮಾತ್ರ ಇದ್ದರೆ ಉಳಿದವರ ಜೀವವೂ ಆ ಬಾಯಲ್ಲೇ ಇರುತ್ತದೆ. ಆ ದಿನ ದಂಡೆಯ ಮೇಲೆ ನನ್ನ ಹೊರತು ಇನ್ನೊಬ್ಬ ನಂಬಿಗಸ್ಥನಿಗೆ ಆ ಮಾತು ಬರುತ್ತಿದ್ದರೆ

ನನ್ನ ಹೊರತು ಎಂದು ಬರೆದುಬಿಟ್ಟೆ. ಅಳಿಸುವುದಿಲ್ಲ.

ಸಭೆ ಗಿಭೆ ಏನೂ ಇಲ್ಲ, ಶೇಖವ್ವಾ. ನಾನು ಶಾಲೆಯಲ್ಲಿರಲಿಲ್ಲ. ಕಾರಕೂನರನ್ನು ಎದುರುಗೊಳ್ಳಲು ಅಂದಾನಿಯ ಸಂಗಡ ಹೊಳೆಗೆ ಹೋಗಿದ್ದೆ. ಅವನ ಹಿಂದೆ, ಮಾತು ಕೇಳುವಷ್ಟು ಹತ್ತಿರ ನಿಂತಿದ್ದೆ. ಕೂಗು ಬಂದಾಗ ಅವನ ಹಿಡಿತ ಸಡಿಲಾಯಿತು. ಅವನಿಗೆ ಸಂಶಯ ಬಂದಿತ್ತು. ತಿರುಗಿ ಕೇಳಿದ: “ಮಾವಾ, ಅವ್ರು ಏನಂತಾರ?” ನನಗೆ ದೀರ್ಘ ಸ್ಪಷ್ಟವಾಗಿ ಕೇಳಿಸಿತ್ತು. ಗೋಣೆಪ್ಪನೂ ನನ್ನನ್ನು ನೋಡಿದ. ನನಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿತ್ತು. ಒಂದು ಮಾತಿನ ಕೆಲಸವಿತ್ತು. ನಾನು ಅಂದೆ: “ಹೊಡಿ ಅಂತಾರ.”

ನಾಳೆ ಬೆಳಕು ಹರಿದ ಕೂಡಲೇ ರೋಣಕ್ಕೆ ನಡೆಯುತ್ತೇನೆ. ಸಾಹೇಬರ ಮುಂದೆ ನಿಂತು ಇದನ್ನು ಎರಡೂ ಭಾಷೆಯಲ್ಲಿ ನಾನೇ ಹೇಳುತ್ತೇನೆ. ಸೋಮವಾರದ ಹಗ್ಗ ಅವನ ಕೊರಳಿಂದ ಇಳಿಯಬೇಕು; ನನ್ನ ಕೊರಳಿಗೆ ಬಂದರೆ ಬರಲಿ.

ನಿನ್ನ
ಮಲ್ಲೇಶಪ್ಪ

ತಾ. ಕ.: ಸೂಡಿಯಲ್ಲಿ ಈ ಕಾಗದ ಓದಬಲ್ಲವಳು ನೀನೊಬ್ಬಳೇ. ನಿಮ್ಮವ್ವ ಮಗ್ಗುಲಿಗೆ ಕೂತು, “ಏನ್ ಬರದಾನವ್ವ ಅಳಿಯಾ? ಓದಿ ಹೇಳು” ಅನ್ನುತ್ತಾರೆ. ಏನೆಂದು ಓದಿ ಹೇಳುತ್ತೀಯೋ, ನಿನಗೆ ಬಿಟ್ಟದ್ದು.